ಎಸ್‌ಎಸ್‌ಎಲ್‌ಸಿ ಪರೀಕ್ಷೆ: ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ

ಎಸ್‌ಎಸ್‌ಎಲ್‌ಸಿ ಪರೀಕ್ಷೆಯು ಕರ್ನಾಟಕದಲ್ಲಿ ಹತ್ತನೆಯ ತರಗತಿಯ ಕೊನೆಗೆ ನಡೆಯುವ, ಪ್ರೌಢಶಿಕ್ಷಣ ಪೂರ್ಣಗೊಂಡಿತೆಂದು ಪ್ರಮಾಣೀಕರಿಸುವ ರಾಜ್ಯಮಟ್ಟದ ಸಾರ್ವತ್ರಿಕ ಪರೀಕ್ಷೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ ಇದನ್ನು ನಡೆಸುತ್ತದೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ವಿದ್ಯಾರ್ಥಿಗಳು ಈ ಪರೀಕ್ಷೆಗೆ ಸಿದ್ಧರಾಗುವ ಮತ್ತು ಕುಳಿತು ಬರೆಯುವ ಬಗೆ ಈ ಲೇಖನದ ವಿಷಯ. ಇಲ್ಲಿನ ಹಿರಿಯರು ಈಗಲೂ ಇದನ್ನು ಮೆಟ್ರಿಕ್ ಎಂದೇ ಕರೆಯುತ್ತಾರೆ.

ಆಡಳಿತದ ಲೆಕ್ಕದಲ್ಲಿ ಬೆಳಗಾವಿ ಒಂದೇ ಕಂದಾಯ ಜಿಲ್ಲೆಯಾದರೂ ಶಾಲಾ ಶಿಕ್ಷಣ ಇಲಾಖೆ ಅದನ್ನು ಬೆಳಗಾವಿ ಮತ್ತು ಚಿಕ್ಕೋಡಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಾಗಿ ವಿಂಗಡಿಸಿದೆ. ಚಿಕ್ಕೋಡಿಯಲ್ಲಿ ಉಪನಿರ್ದೇಶಕರ ಕಚೇರಿ ಇದೆ. ಮೇಲಿನ ಐದು ತಾಲ್ಲೂಕುಗಳ ಜೊತೆಗೆ ಹುಕ್ಕೇರಿ, ಗೋಕಾಕ ಮತ್ತು ಮೂಡಲಗಿ ವಲಯಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಫಲಿತಾಂಶದ ಪಟ್ಟಿಯಲ್ಲಿ ಚಿಕ್ಕೋಡಿ ಪ್ರತ್ಯೇಕ ಜಿಲ್ಲೆಯಾಗಿ ಕಾಣಿಸುವುದು ಈ ಕಾರಣದಿಂದ.

ಹಿನ್ನೆಲೆ

ಈ ಪ್ರದೇಶದ ಬಹುಭಾಗ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹಾಗಾಗಿ ಇಲ್ಲಿನ ಪರೀಕ್ಷೆಗಳ ಮೂಲವನ್ನು ಮೈಸೂರಿನಲ್ಲಿ ಅಲ್ಲ, ಮುಂಬಯಿಯಲ್ಲಿ ಹುಡುಕಬೇಕು. 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯ 1859ರಲ್ಲಿ ತನ್ನ ಮೊದಲ ಮೆಟ್ರಿಕ್ಯುಲೇಶನ್ ಪರೀಕ್ಷೆ ನಡೆಸಿತು. ಅದು ಕಾಲೇಜಿನ ಪ್ರವೇಶಪರೀಕ್ಷೆ. ಊರಿನ ಮಕ್ಕಳಲ್ಲಿ ಹೆಚ್ಚಿನವರು ಅಲ್ಲಿಯವರೆಗೆ ಹೋಗುತ್ತಿರಲಿಲ್ಲ. ಅವರ ಓದಿಗೆ ಕೊನೆಯ ಮೆಟ್ಟಿಲಾಗಿದ್ದುದು ಏಳನೆಯ ಇಯತ್ತೆಯ (ತರಗತಿಯ) ಮುಲ್ಕಿ ಪರೀಕ್ಷೆ. ಮಾತೃಭಾಷೆಯಲ್ಲಿ ಬರೆಯಬಹುದಾಗಿದ್ದ ಮುಲ್ಕಿ ಪಾಸಾದವರು ಕನ್ನಡ ಅಥವಾ ಮರಾಠಿ ಶಾಲೆಯ ಮಾಸ್ತರರಾಗಬಹುದಿತ್ತು, ಸಣ್ಣ ಸರ್ಕಾರಿ ನೌಕರಿಗೂ ಅರ್ಹರಾಗುತ್ತಿದ್ದರು. ಮುಂಬಯಿ ಕರ್ನಾಟಕದ ಒಂದು ತಲೆಮಾರಿನ ಪ್ರಾಥಮಿಕ ಶಾಲಾ ಶಿಕ್ಷಕರು ಬಹುಪಾಲು ಇದೇ ದಾರಿಯಲ್ಲಿ ಬಂದವರು.

ಇಡೀ ಪ್ರದೇಶ ನೇರ ಬ್ರಿಟಿಷ್ ಆಡಳಿತದಲ್ಲಿ ಇರಲಿಲ್ಲ. ರಾಯಬಾಗ ಕೊಲ್ಹಾಪುರ ಸಂಸ್ಥಾನದ ಭಾಗವಾಗಿತ್ತು. ಶಾಹೂ ಮಹಾರಾಜರು 1917ರಲ್ಲಿ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯಗೊಳಿಸಿದರು. 1949ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಖಾಸಗಿ ಪ್ರಯತ್ನಗಳ ಪಾಲೂ ದೊಡ್ಡದು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ, ಅಂದರೆ ಕೆಎಲ್‌ಇ, ಮುಂದೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಮತ್ತು ಅಥಣಿಗೂ ಹಬ್ಬಿತು. ಅಥಣಿಯ ಜಾಧವಜಿ ಆನಂದಜಿ ಪ್ರೌಢಶಾಲೆ ಈ ಭಾಗದ ಹಳೆಯ ಶಾಲೆಗಳಲ್ಲೊಂದು.

1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ಚಂದಗಡ ತಾಲ್ಲೂಕು ಹೊರತುಪಡಿಸಿ ಉಳಿದ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಹಳೆಯ ಮೈಸೂರಿನಲ್ಲಿ ಎಸ್‌ಎಸ್‌ಎಲ್‌ಸಿ 1910ರ ದಶಕದಿಂದಲೇ ಜಾರಿಯಲ್ಲಿತ್ತು. 1966ರ ಕಾಯ್ದೆಯಡಿ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ರೂಪುಗೊಂಡು, ಬೇರೆ ಬೇರೆ ಆಡಳಿತಗಳಿಂದ ಬಂದ ಪ್ರದೇಶಗಳಿಗೆ ಒಂದೇ ಪರೀಕ್ಷಾ ಸಂಸ್ಥೆ ದೊರಕಿತು. 2022ರಲ್ಲಿ ಪದವಿಪೂರ್ವ ಪರೀಕ್ಷೆಗಳ ಹೊಣೆಯನ್ನೂ ಇದಕ್ಕೆ ಸೇರಿಸಿ ಈಗಿನ ಮಂಡಲಿ ರಚಿಸಲಾಯಿತು.

ಪರೀಕ್ಷೆಯ ರಚನೆ

ವಿದ್ಯಾರ್ಥಿ ಆರು ವಿಷಯಗಳನ್ನು ಬರೆಯುತ್ತಾನೆ: ಪ್ರಥಮ ಭಾಷೆ, ದ್ವಿತೀಯ ಭಾಷೆ, ತೃತೀಯ ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ. ಪ್ರಥಮ ಭಾಷೆಗೆ 125, ಉಳಿದವಕ್ಕೆ ತಲಾ 100, ಒಟ್ಟು 625 ಅಂಕ. ಪ್ರಥಮ ಭಾಷೆಯಲ್ಲಿ 100 ಅಂಕ ಲಿಖಿತ ಪರೀಕ್ಷೆಗೂ 25 ಅಂಕ ಆಂತರಿಕ ಮೌಲ್ಯಮಾಪನಕ್ಕೂ ಮೀಸಲು. ಉಳಿದ ವಿಷಯಗಳಲ್ಲಿ ಈ ಹಂಚಿಕೆ 80 ಮತ್ತು 20. ವರ್ಷವಿಡೀ ನಡೆಯುವ ರೂಪಣಾತ್ಮಕ ಮೌಲ್ಯಮಾಪನಗಳಿಂದ ಆಂತರಿಕ ಅಂಕ ಬರುತ್ತದೆ.

ಪ್ರಶ್ನೆಪತ್ರಿಕೆಯ ಸ್ವರೂಪವನ್ನು ಮುಂಚಿತವಾಗಿ ನೀಲನಕ್ಷೆಯಲ್ಲಿ ಪ್ರಕಟಿಸಲಾಗುತ್ತದೆ. ಗಣಿತದ ಪತ್ರಿಕೆ ಇದಕ್ಕೆ ಒಳ್ಳೆಯ ಉದಾಹರಣೆ. ಇತ್ತೀಚಿನ ವರ್ಷಗಳ ಪತ್ರಿಕೆಯಲ್ಲಿ 38 ಪ್ರಶ್ನೆಗಳಿವೆ. ಬಹು ಆಯ್ಕೆಯವು 8, ಒಂದಂಕದವು 8, ಎರಡಂಕದವು 8, ಮೂರಂಕದವು 9, ನಾಲ್ಕಂಕದವು 4 ಮತ್ತು ಐದಂಕದ್ದು 1 ಸೇರಿ 80 ಅಂಕ. ಪತ್ರಿಕೆ ಕೈಗೆ ಬಂದ ಮೇಲೆ ಓದಿಕೊಳ್ಳಲು 15 ನಿಮಿಷ ಪ್ರತ್ಯೇಕವಾಗಿ ಸಿಗುತ್ತದೆ. ಅನುಭವಿ ಶಿಕ್ಷಕರು ಈ 15 ನಿಮಿಷವನ್ನು ಹೇಗೆ ಬಳಸಬೇಕೆಂದು ಪೂರ್ವಸಿದ್ಧತಾ ಪರೀಕ್ಷೆಯಲ್ಲೇ ರೂಢಿ ಮಾಡಿಸುತ್ತಾರೆ. ಯಾವ ಪ್ರಶ್ನೆಯನ್ನು ಮೊದಲು ಬರೆಯಬೇಕು, ಯಾವುದನ್ನು ಕೊನೆಗೆ ಉಳಿಸಬೇಕು ಎಂಬ ತೀರ್ಮಾನ ಆಗಬೇಕಾದದ್ದು ಆ ಹೊತ್ತಿನಲ್ಲಿ.

ಪರೀಕ್ಷಾ ಕೇಂದ್ರದ ಹೊಣೆ ಮುಖ್ಯ ಅಧೀಕ್ಷಕರದು. ಪ್ರಶ್ನೆಪತ್ರಿಕೆಗಳು ಖಜಾನೆಯಲ್ಲಿ ಭದ್ರವಾಗಿದ್ದು, ಪರೀಕ್ಷೆಯ ದಿನ ಬೆಳಿಗ್ಗೆ ಮಾರ್ಗಾಧಿಕಾರಿಗಳ ಮೂಲಕ ಕೇಂದ್ರ ತಲುಪುತ್ತವೆ. ಕೊಠಡಿ ಮೇಲ್ವಿಚಾರಕರು, ಸ್ಥಾನಿಕ ಜಾಗೃತ ದಳ ಮತ್ತು ಸಂಚಾರಿ ಜಾಗೃತ ದಳ ಕಾವಲಿರುತ್ತವೆ. ಕೇಂದ್ರದ ಸುತ್ತಲಿನ 200 ಮೀಟರ್ ನಿಷೇಧಿತ ಪ್ರದೇಶ, ಅದರೊಳಗಿನ ಜೆರಾಕ್ಸ್ ಅಂಗಡಿಗಳು ಪರೀಕ್ಷೆ ಮುಗಿಯುವವರೆಗೆ ಮುಚ್ಚಿರಬೇಕು. ಪ್ರವೇಶಪತ್ರ ತೋರಿಸಿದರೆ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಪರೀಕ್ಷಾ ಕೇಂದ್ರಕ್ಕೆ ಉಚಿತ ಪ್ರಯಾಣ. ತೋಟದ ವಸತಿಗಳಿಂದ ಬರುವ ಮಕ್ಕಳಿಗೆ ಈ ಸೌಲಭ್ಯ ಬಹಳ ಆಸರೆಯಾಗಿದೆ. ಅಂಗವಿಕಲ ವಿದ್ಯಾರ್ಥಿಗಳಿಗೆ ಲಿಪಿಕಾರರ ನೆರವು ಮತ್ತು ಹೆಚ್ಚುವರಿ ಸಮಯ ಉಂಟು.

ಭಾಷೆ ಮತ್ತು ಮಾಧ್ಯಮ

ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಪರೀಕ್ಷೆಗೆ ರಾಜ್ಯದ ಹೆಚ್ಚಿನ ಜಿಲ್ಲೆಗಳಲ್ಲಿ ಕಾಣದ ಲಕ್ಷಣವೊಂದಿದೆ. ಇಲ್ಲಿ ಕನ್ನಡ ಮತ್ತು ಮರಾಠಿ ಮಾಧ್ಯಮದ ಶಾಲೆಗಳು ಒಂದೇ ಊರಿನಲ್ಲಿ ಅಕ್ಕಪಕ್ಕ ನಡೆಯುತ್ತವೆ. ನಿಪ್ಪಾಣಿ, ಅಕ್ಕೋಳ, ಕಾಗವಾಡದ ಕಡೆಯ ಮಗುವಿಗೆ ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಇನ್ನೊಂದು ಭಾಷೆ ಸಹಜ. ಮರಾಠಿ ಮಾಧ್ಯಮದ ವಿದ್ಯಾರ್ಥಿಗೆ ಕರ್ನಾಟಕದ ಪಠ್ಯಕ್ರಮವೇ ಮರಾಠಿಯಲ್ಲಿ ಸಿಗುತ್ತದೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆಯೂ ಮರಾಠಿಯಲ್ಲಿ ಬರುತ್ತದೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಹಂತಹಂತವಾಗಿ ಕಡ್ಡಾಯಗೊಳಿಸಿತು.

ಕನ್ನಡ ಮಾಧ್ಯಮದವರಿಗೆ ಇಲ್ಲಿನ ಕಠಿಣ ವಿಷಯಗಳೆಂದರೆ ಗಣಿತ ಮತ್ತು ಇಂಗ್ಲಿಷ್. ಮರಾಠಿ ಮನೆಮಾತಿನ ಮಕ್ಕಳಿಗೆ ಇವೆರಡರ ಜೊತೆಗೆ ಕನ್ನಡದ ಬರವಣಿಗೆಯೂ ಕಷ್ಟ ಕೊಡುತ್ತದೆ. ಮಾತನಾಡುವ ಕನ್ನಡ ಅವರಿಗೆ ಸಲೀಸು. ಪತ್ರ, ಪ್ರಬಂಧ ಮತ್ತು ವ್ಯಾಕರಣದ ಕನ್ನಡ ಬೇರೆಯೇ ಅಭ್ಯಾಸ ಬೇಡುತ್ತದೆ. ಈ ವ್ಯತ್ಯಾಸವನ್ನು ಗಮನಿಸದ ಸಿದ್ಧತೆ ಮಹಾರಾಷ್ಟ್ರಕ್ಕೆ ಅಂಟಿದ ಈ ಗಡಿಭಾಗದಲ್ಲಿ ಅರ್ಧ ಸಿದ್ಧತೆಯೇ ಸರಿ.

ಸಿದ್ಧತೆಯ ಕ್ರಮ

ಶಾಲೆಯ ವರ್ಷ ಜೂನ್ ಹೊತ್ತಿಗೆ ಆರಂಭವಾಗುತ್ತದೆ. ಅದೇ ಹೊತ್ತಿಗೆ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳಿಗೆ ಪಶ್ಚಿಮ ಘಟ್ಟದ ಮಳೆನೀರು ಬರತೊಡಗುತ್ತದೆ. ಕೆಳಮಟ್ಟದ ಸೇತುವೆಗಳು ಮುಳುಗುತ್ತವೆ: ವೇದಗಂಗೆಯ ಅಕ್ಕೋಳ–ಸಿದ್ನಾಳ ಮತ್ತು ಜತ್ರಾಟ–ಭೀವಶಿ, ಕೃಷ್ಣೆಯ ಕಲ್ಲೋಳ–ಯಡೂರ. ಮಳೆ ಜೋರಾದ ವರ್ಷಗಳಲ್ಲಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಶಿಕ್ಷಕರೂ ವಿದ್ಯಾರ್ಥಿಗಳೂ ಸುತ್ತು ಹಾದಿ ಹಿಡಿಯಬೇಕು, ಇಲ್ಲವೇ ಶಾಲೆಗೆ ರಜೆ. ಮೊದಲ ರೂಪಣಾತ್ಮಕ ಮೌಲ್ಯಮಾಪನ ಬರುವುದೂ ಇದೇ ದಿನಗಳಲ್ಲಿ. ಮಾರ್ಚ್‌ನಲ್ಲಿ ಕಾಣಿಸುವ ಹಿನ್ನಡೆಯ ಬೇರು ಎಷ್ಟೋ ಸಲ ಈ ಮಳೆಗಾಲದಲ್ಲಿರುತ್ತದೆ.

ದಸರಾ ರಜೆಯ ನಂತರ ಕಬ್ಬಿನ ಹಂಗಾಮು. ಸಕ್ಕರೆ ಕಾರ್ಖಾನೆಗಳು ನುರಿಸಲು ಶುರುಮಾಡಿದ ಮೇಲೆ ತೋಟದ ಮನೆಗಳಲ್ಲಿ ಮಕ್ಕಳ ಕೈಗೂ ಕೆಲಸ ಬೀಳುತ್ತದೆ. ಇಲ್ಲಿ ಸಾವಿರಾರು ಕುಟುಂಬಗಳು ಊರೊಳಗೆ ಇರದೆ ಹೊಲದಲ್ಲೇ ಮನೆ ಮಾಡಿಕೊಂಡಿವೆ. ಅವರಿಗಾಗಿ ತೋಟದ ಹೆಸರಿನಲ್ಲೇ ಕಿರಿಯ ಪ್ರಾಥಮಿಕ ಶಾಲೆಗಳಿವೆ, ಪ್ರೌಢಶಾಲೆಗೆ ಮಾತ್ರ ಊರಿಗೆ ಬರಬೇಕು. ಆದ್ದರಿಂದ ಸಂಜೆಯ ವಿಶೇಷ ತರಗತಿಯ ಯಶಸ್ಸು ಬೋಧನೆಯ ಗುಣದ ಮೇಲೆ ಎಷ್ಟು ನಿಂತಿದೆಯೋ ಕೊನೆಯ ಬಸ್ಸಿನ ಸಮಯದ ಮೇಲೂ ಅಷ್ಟೇ ನಿಂತಿದೆ. ಹುಡುಗಿಯರ ವಿಷಯದಲ್ಲಿ ಇದು ಇನ್ನೂ ನಿಜ.

ಜನವರಿಯಿಂದ ಮಾರ್ಚ್‌ವರೆಗಿನ ಅವಧಿಯಲ್ಲಿ ಶಾಲೆಗಳು ಅನುಸರಿಸುವ ವಿಧಾನಗಳು ಬಹುತೇಕ ಸ್ಥಿರವಾಗಿವೆ. ಕಲಿಕೆಯಲ್ಲಿ ಹಿಂದುಳಿದವರಿಗೆ ಪರಿಹಾರ ಬೋಧನೆ ಮತ್ತು ಪಾಸಿಂಗ್ ಪ್ಯಾಕೇಜ್ ಇರುತ್ತವೆ. ಪಾಸಿಂಗ್ ಪ್ಯಾಕೇಜ್ ಎಂದರೆ ಉತ್ತೀರ್ಣತೆಗೆ ಬೇಕಾದಷ್ಟು ಅಂಕ ತರಬಲ್ಲ, ಮತ್ತೆ ಮತ್ತೆ ಕೇಳಲಾಗುವ ಭಾಗಗಳ ಆಯ್ದ ಪಾಠ: ವಿಜ್ಞಾನದ ಚಿತ್ರಗಳು, ಗಣಿತದ ರಚನೆ ಮತ್ತು ನಕ್ಷೆ, ಭೂಪಟದಲ್ಲಿ ಸ್ಥಳ ಗುರುತಿಸುವುದು, ಕಂಠಪಾಠದ ಪದ್ಯ, ಪತ್ರಲೇಖನ. ಒಬ್ಬೊಬ್ಬ ಶಿಕ್ಷಕರು ಕೆಲವು ವಿದ್ಯಾರ್ಥಿಗಳನ್ನು ದತ್ತು ತೆಗೆದುಕೊಳ್ಳುವುದು, ನಸುಕಿನಲ್ಲಿ ಫೋನ್ ಮಾಡಿ ಎಬ್ಬಿಸುವುದು, ಮನೆಭೇಟಿ, ಓಣಿಯ ಗುಂಪು ಅಧ್ಯಯನ, ತಾಯಂದಿರ ಸಭೆ, ವಿಷಯ ತಜ್ಞರ ಫೋನ್ ಇನ್ ಕಾರ್ಯಕ್ರಮ ಇವೂ ರೂಢಿಯಲ್ಲಿವೆ. ಫೆಬ್ರುವರಿಯಲ್ಲಿ ರಾಜ್ಯಮಟ್ಟದ ಪೂರ್ವಸಿದ್ಧತಾ ಪರೀಕ್ಷೆ ನಡೆಯುತ್ತದೆ. ಭಾರತ ಹುಣ್ಣಿಮೆಗೆ ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆ ಸೇರುವುದೂ ಸಾಮಾನ್ಯವಾಗಿ ಆ ಸುಮಾರಿಗೇ. ಮಹಾರಾಷ್ಟ್ರದಿಂದಲೂ ಭಕ್ತರು ಬರುವ ಆ ದಿನಗಳಲ್ಲಿ ಸುತ್ತಲಿನ ಹಳ್ಳಿಗಳ ಮನೆಗಳು ನೆಂಟರಿಂದ ತುಂಬಿ, ಓದಲು ಮೂಲೆ ಸಿಗುವುದೇ ಕಷ್ಟ. ಅಂಥ ಊರುಗಳ ಮಕ್ಕಳಿಗೆ ಶಾಲೆಯ ಕೊಠಡಿಯೇ ಓದಿನ ಮನೆ.

ಈ ಸಾಮೂಹಿಕ ಸಿದ್ಧತೆ ಏನು ಮಾಡಬಲ್ಲದು ಎಂಬುದು 2018ರಲ್ಲಿ ಕಂಡಿತು. ಆ ವರ್ಷ ರಾಜ್ಯದ ಸರಾಸರಿ ಶೇ 71.93 ಇದ್ದಾಗ ಚಿಕ್ಕೋಡಿ ಶೇ 87.01 ಫಲಿತಾಂಶ ಪಡೆದು ಮೂರನೆಯ ಸ್ಥಾನಕ್ಕೆ ಬಂತು. ಮೊದಲೆರಡು ಸ್ಥಾನಗಳಲ್ಲಿದ್ದ ಉಡುಪಿ (ಶೇ 88.18) ಮತ್ತು ಉತ್ತರ ಕನ್ನಡ (ಶೇ 88.12) ಅದಕ್ಕಿಂತ ಹೆಚ್ಚು ಮುಂದೆ ಇರಲಿಲ್ಲ. ದೊಡ್ಡ ನಗರವಿಲ್ಲದ, ಕೃಷಿಯನ್ನೇ ನಂಬಿದ ಗಡಿ ಪ್ರದೇಶವೊಂದಕ್ಕೆ ಇದು ಹೆಮ್ಮೆಯ ಸಾಧನೆ.

2019–20ನೇ ಸಾಲು

ಈ ಭಾಗದ ಪರೀಕ್ಷಾ ಚರಿತ್ರೆಯಲ್ಲಿ 2019–20ರ ತಂಡದಷ್ಟು ಕಷ್ಟ ಕಂಡ ತಂಡ ಮತ್ತೊಂದಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ ಮತ್ತು ಉಪನದಿಗಳ ಪ್ರವಾಹ ಐದೂ ತಾಲ್ಲೂಕುಗಳ ನದಿತೀರದ ಹಳ್ಳಿಗಳನ್ನು ಮುಳುಗಿಸಿತು. ಮನೆ ಬಿದ್ದವು, ಪಠ್ಯಪುಸ್ತಕ ಮತ್ತು ನೋಟ್‌ಬುಕ್‌ಗಳು ನೀರುಪಾಲಾದವು, ಎತ್ತರದಲ್ಲಿದ್ದ ಶಾಲೆಗಳು ಪರಿಹಾರ ಕೇಂದ್ರಗಳಾದವು. ಹಬ್ಬದ ರಜೆ ಮತ್ತು ಭಾನುವಾರಗಳನ್ನು ಬಳಸಿ ಪಾಠ ಮುಗಿಸಿಕೊಂಡ ಅದೇ ಮಕ್ಕಳು 2020ರ ಮಾರ್ಚ್ 27ರಂದು ಮೊದಲ ಪತ್ರಿಕೆ ಬರೆಯಬೇಕಿತ್ತು. ಕೊರೊನಾ ಕಾರಣದಿಂದ ಅದು ಮುಂದಕ್ಕೆ ಹೋಗಿ ಜೂನ್ 25ರಿಂದ ಜುಲೈ ಮೊದಲ ವಾರದವರೆಗೆ ನಡೆಯಿತು.

ಗಡಿ ತಾಲ್ಲೂಕುಗಳಲ್ಲಿ ಆಗ ಎದುರಾದ ತೊಡಕು ವಿಶೇಷವಾದದ್ದು. ಮಹಾರಾಷ್ಟ್ರದ ಹಳ್ಳಿಗಳಿಂದ ದಿನವೂ ಕರ್ನಾಟಕದ ಶಾಲೆಗೆ ಬರುತ್ತಿದ್ದ ಮಕ್ಕಳಿಗೆ ತನಿಖಾ ಠಾಣೆಗಳು ಅಡ್ಡವಾದವು. ಊರು ಬಿಟ್ಟಿದ್ದವರಿಗೆ ಹತ್ತಿರದ ಕೇಂದ್ರ ಆರಿಸಿಕೊಳ್ಳುವ ಅವಕಾಶ ಕೊಡಲಾಯಿತು. ನಿರ್ಬಂಧಿತ ವಲಯದಲ್ಲಿದ್ದು ಬರೆಯಲಾಗದವರು ಪೂರಕ ಪರೀಕ್ಷೆಯನ್ನು ಹೊಸ ಅಭ್ಯರ್ಥಿಗಳಾಗಿಯೇ ಬರೆಯಬಹುದೆಂದು ಸರ್ಕಾರ ಹೇಳಿತು. ಮರುವರ್ಷ, 2021ರ ಜುಲೈ 19 ಮತ್ತು 22ರಂದು, ಪರೀಕ್ಷೆ ಎರಡೇ ದಿನಕ್ಕೆ ಇಳಿಯಿತು. ಮೂರು ಮೂರು ವಿಷಯಗಳ ಬಹು ಆಯ್ಕೆಯ ಪ್ರಶ್ನೆಗಳಿಗೆ ಒಎಂಆರ್ ಹಾಳೆಯಲ್ಲಿ ಉತ್ತರ ಗುರುತಿಸುವ ಆ ಕ್ರಮದಲ್ಲಿ ಬರೆದವರು ಬಹುತೇಕ ಎಲ್ಲರೂ ಉತ್ತೀರ್ಣರಾದರು.

ಪ್ರಕಾರಗಳು

ಅಭ್ಯರ್ಥಿಗಳಲ್ಲಿ ಶಾಲಾ ಅಭ್ಯರ್ಥಿ, ಖಾಸಗಿ ಅಭ್ಯರ್ಥಿ ಮತ್ತು ಪುನರಾವರ್ತಿತ ಅಭ್ಯರ್ಥಿ ಎಂಬ ವಿಭಾಗಗಳಿವೆ. ಶಾಲೆ ಬಿಟ್ಟು ದುಡಿಮೆಗೆ ಇಳಿದವರು ನಂತರ ಖಾಸಗಿಯಾಗಿ ಪರೀಕ್ಷೆ ಕಟ್ಟಬಹುದು.

ಪರೀಕ್ಷೆಯಲ್ಲಿಯೂ 2023–24ರಲ್ಲಿ ಮೂರು ಆವೃತ್ತಿಗಳು ಜಾರಿಗೆ ಬಂದವು: ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3. ಇದರೊಂದಿಗೆ ಪೂರಕ ಪರೀಕ್ಷೆ ಎಂಬ ಹೆಸರು ಹೋಯಿತು. ಅನುತ್ತೀರ್ಣರಾದವರಷ್ಟೇ ಅಲ್ಲದೆ ಅಂಕ ಹೆಚ್ಚಿಸಿಕೊಳ್ಳಬಯಸುವವರೂ ಮುಂದಿನ ಆವೃತ್ತಿಗೆ ಕುಳಿತುಕೊಳ್ಳಬಹುದು, ಉತ್ತಮ ಅಂಕವನ್ನೇ ಉಳಿಸಿಕೊಳ್ಳಬಹುದು. ಉತ್ತರಪತ್ರಿಕೆಯ ಛಾಯಾಪ್ರತಿ, ಮರುಎಣಿಕೆ ಮತ್ತು ಮರುಮೌಲ್ಯಮಾಪನಕ್ಕೆ ಬೇರೆ ಅರ್ಜಿ.

ಹತ್ತನೆಯ ತರಗತಿಗೆ ಮುನ್ನವೇ ಈ ಭಾಗದ ಮಕ್ಕಳು ಪ್ರವೇಶಪರೀಕ್ಷೆಗಳ ಅನುಭವ ಪಡೆದಿರುತ್ತಾರೆ. ಚಿಕ್ಕೋಡಿ ತಾಲ್ಲೂಕಿನ ಕೊಥಳಿಯಲ್ಲಿ ಜಿಲ್ಲೆಯ ಜವಾಹರ್ ನವೋದಯ ವಿದ್ಯಾಲಯವಿದೆ. ಅದರ ಆರನೆಯ ತರಗತಿಯ ಆಯ್ಕೆಗೆ ಎರಡು ಗಂಟೆಯಲ್ಲಿ 80 ಪ್ರಶ್ನೆ, 100 ಅಂಕ. ನವೋದಯ, ಸೈನಿಕ ಶಾಲೆ, ಕಿತ್ತೂರಿನ ಬಾಲಕಿಯರ ಸೈನಿಕ ಶಾಲೆ ಮತ್ತು ಮೊರಾರ್ಜಿ ದೇಸಾಯಿ ವಸತಿ ಶಾಲೆ ಇವೆಲ್ಲಕ್ಕೂ ಸೇರಿಸಿ ತರಬೇತಿ ಕೊಡುವ ಕೋಚಿಂಗ್ ಕ್ಲಾಸ್‌ಗಳು ಉತ್ತರ ಕರ್ನಾಟಕದ ತಾಲ್ಲೂಕು ಕೇಂದ್ರಗಳಲ್ಲಿ ಹರಡಿವೆ.

ಗಡಿಯಾಚೆಯ ಸಮಾನ ಪರೀಕ್ಷೆಗಳು

ನಿಪ್ಪಾಣಿಯಿಂದ ಕೊಲ್ಹಾಪುರವೂ ಕಾಗವಾಡದಿಂದ ಮಿರಜವೂ ಹತ್ತಿರ. ಆ ಕಡೆ ನಡೆಯುವುದು ಮಹಾರಾಷ್ಟ್ರ ಮಂಡಳಿಯ ಎಸ್‌ಎಸ್‌ಸಿ ಪರೀಕ್ಷೆ. ಕೊಲ್ಹಾಪುರ, ಸಾಂಗಲಿ, ಸಾತಾರಾ ಜಿಲ್ಲೆಗಳು ಕೊಲ್ಹಾಪುರ ವಿಭಾಗೀಯ ಮಂಡಳಿಗೆ ಸೇರಿವೆ. ಸಾಂಗಲಿ ಜಿಲ್ಲೆಯ ಜತ್ತ, ಸೋಲಾಪುರ ಜಿಲ್ಲೆಯ ಅಕ್ಕಲಕೋಟೆಯ ಕಡೆ ಕನ್ನಡ ಮಾಧ್ಯಮದ ಶಾಲೆಗಳಿವೆ. ಪುಣೆಯ ಬಾಲಭಾರತಿ ಅವರಿಗೆ ಕನ್ನಡದಲ್ಲಿ ಪಠ್ಯಪುಸ್ತಕ ಮುದ್ರಿಸುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದವರು ಕೇರಳದ ಎಸ್‌ಎಸ್‌ಎಲ್‌ಸಿಯನ್ನು ಕನ್ನಡದಲ್ಲೇ ಬರೆಯುತ್ತಾರೆ. ಅಲ್ಲಿ 2005ರಿಂದ ಅಂಕಗಳ ಬದಲು ಶ್ರೇಣಿ ಪದ್ಧತಿ ಇದೆ.

ನಿಪ್ಪಾಣಿಯ ಅಂಚಿಗೇ ಇರುವ ಅರ್ಜುನನಗರದ ದೇವಚಂದ ಕಾಲೇಜು ಮಹಾರಾಷ್ಟ್ರದ ಕಾಗಲ ತಾಲ್ಲೂಕಿಗೆ ಸೇರುತ್ತದೆ. ಕರ್ನಾಟಕದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಗಡಿಯಾಚೆ ಓದು ಮುಂದುವರಿಸುವವರು ಮಂಡಲಿಯಿಂದ ವಲಸೆ ಪ್ರಮಾಣಪತ್ರ ಪಡೆಯಬೇಕಾಗುತ್ತದೆ.

ಉಪಯೋಗ

ಪದವಿಪೂರ್ವ ಕಾಲೇಜು, ಪಾಲಿಟೆಕ್ನಿಕ್ ಮತ್ತು ಐಟಿಐ ಪ್ರವೇಶಕ್ಕೆ ಈ ಅಂಕಪಟ್ಟಿಯೇ ಆಧಾರ. ಜನ್ಮದಿನಾಂಕದ ದಾಖಲೆಯಾಗಿಯೂ ಅದನ್ನು ಜೀವನಪರ್ಯಂತ ಬಳಸಲಾಗುತ್ತದೆ. ಆದ್ದರಿಂದ ನೋಂದಣಿಯ ಹಂತದಲ್ಲೇ ಹೆಸರು, ತಂದೆತಾಯಿಯ ಹೆಸರು, ಜನ್ಮದಿನಾಂಕ ಪರಿಶೀಲಿಸಿ ತಿದ್ದಿಸಿಕೊಳ್ಳುವುದು ಅಗತ್ಯ. ಕನ್ನಡ ಮತ್ತು ಮರಾಠಿ ಎರಡೂ ರೂಢಿಗಳಲ್ಲಿ ಅಡ್ಡಹೆಸರು ಬರೆಯುವ ಈ ಭಾಗದಲ್ಲಿ ಹೆಸರಿನ ವ್ಯತ್ಯಾಸ ಸುಲಭವಾಗಿ ನುಸುಳುತ್ತದೆ.

ಉದ್ಯೋಗದಲ್ಲಿ ಇದರ ತೂಕ ಇನ್ನೂ ಹೆಚ್ಚು. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ ಹುದ್ದೆಗೆ ಹತ್ತನೆಯ ತರಗತಿಯ ಅಂಕದ ಮೇಲೆಯೇ ಆಯ್ಕೆ, ಸ್ಥಳೀಯ ಭಾಷೆಯನ್ನು ಹತ್ತರವರೆಗೆ ಓದಿರಬೇಕು. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 25 ಮೀಸಲಾತಿ ಇದೆ. ಸೇನೆಗೆ ಸೇರುವ ಪರಂಪರೆ ಇರುವ ಈ ಹಳ್ಳಿಗಳಲ್ಲಿ ಅಗ್ನಿವೀರ ನೇಮಕಾತಿಯೂ ಮುಖ್ಯ. ಅದರ ಸಾಮಾನ್ಯ ಕರ್ತವ್ಯದ ಹುದ್ದೆಗೆ ಹತ್ತನೆಯಲ್ಲಿ ಒಟ್ಟು ಶೇ 45, ಪ್ರತಿ ವಿಷಯದಲ್ಲಿ ಶೇ 33 ಅಂಕ ಬೇಕು.

ಇಂದಿನ ಸ್ಥಿತಿ

2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಸಿಸಿಟಿವಿ ಅಳವಡಿಸಿ ವೆಬ್‌ಕಾಸ್ಟಿಂಗ್ ಆರಂಭಿಸಿದಾಗ, ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೂ ಅದು ಶೇ 73.40ಕ್ಕೆ ಇಳಿಯಿತು. ಹೆಚ್ಚುವರಿ ಕೃಪಾಂಕ ಕೈಬಿಟ್ಟ 2025ರ ಪರೀಕ್ಷೆ-1ರಲ್ಲಿ 8,42,173 ವಿದ್ಯಾರ್ಥಿಗಳ ಪೈಕಿ 5,24,984 ಮಂದಿ, ಅಂದರೆ ಶೇ 62.34 ಮಾತ್ರ ಉತ್ತೀರ್ಣರಾದರು. ಕರಾವಳಿಯ ಜಿಲ್ಲೆಗಳು ಮುಂದೆ ಉಳಿದವು, ಕಲಬುರಗಿ ಕೊನೆಗೆ ಬಂತು. ಈ ಇಳಿಕೆಯನ್ನು ಮಕ್ಕಳ ಸೋಲೆಂದು ಓದುವುದು ತಪ್ಪಾಗುತ್ತದೆ. ಕೊಠಡಿಯೊಳಗಿನ ನಕಲು ನಿಂತಾಗ ಕೆಳ ತರಗತಿಗಳಿಂದ ಉಳಿದು ಬಂದ ಕಲಿಕೆಯ ಕೊರತೆ ಮೇಲೆ ಕಂಡಿತು.

2025ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ 2025–26ನೇ ಸಾಲಿನಿಂದ ಅನ್ವಯಿಸುವಂತೆ ಉತ್ತೀರ್ಣತೆಯ ಮಿತಿಯನ್ನು ಶೇ 35ರಿಂದ ಶೇ 33ಕ್ಕೆ ಇಳಿಸಿತು. ಹಿಂದೆ 625ಕ್ಕೆ 219 ಅಂಕ ಬೇಕಿದ್ದಲ್ಲಿ ಈಗ 206 ಸಾಕು, ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಇರಬೇಕು. ಆದರೆ ಅಗ್ನಿವೀರ ನೇಮಕಾತಿಯ ಶೇ 45 ಎಂದರೆ 282 ಅಂಕ. ಅಂಥ ಅವಕಾಶಗಳನ್ನು ಎದುರು ನೋಡುವ ವಿದ್ಯಾರ್ಥಿಗಳು ಪರೀಕ್ಷೆ-1ರಲ್ಲಿ ಕಡಿಮೆ ಅಂಕ ಬಂದರೆ ಅಲ್ಲಿಗೇ ನಿಲ್ಲಬೇಕಿಲ್ಲ. ಶಾಲೆಯ ಮುಖ್ಯಶಿಕ್ಷಕರ ಮೂಲಕ ಮುಂದಿನ ಆವೃತ್ತಿಗೆ ನೋಂದಾಯಿಸಿಕೊಂಡು, ಅಂಕ ಕಡಿಮೆ ಬಂದ ವಿಷಯಗಳನ್ನು ಅದೇ ವರ್ಷ ಮತ್ತೆ ಬರೆಯಬಹುದು.